ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ, ಮಾರುವಾಗ: ಯಾವ ಮಾತು ಯಾವಾಗ ಗಟ್ಟಿ?

ಏಜೆಂಟ್ ಫೋನ್ ಮಾಡಿ "ನಿಮ್ಮ ಆಫರ್ ಒಪ್ಪಿದ್ದಾರೆ" ಅಂದ ಕೂಡಲೇ ಊರಿಗೆಲ್ಲ ಸುದ್ದಿ ಮುಟ್ಟಿಸಿ, ಗೃಹಪ್ರವೇಶಕ್ಕೆ ಮುಹೂರ್ತ ಕೇಳುವವರು ನಮ್ಮಲ್ಲಿ ಜಾಸ್ತಿ. ಸ್ವಲ್ಪ ತಡೆಯಿರಿ. ಇಂಗ್ಲೆಂಡಿನ ಕಾನೂನಿನ ಪ್ರಕಾರ ಆ ದಿನ ನಿಮ್ಮ ಕೈಗೆ ಏನೂ ಸಿಕ್ಕಿಲ್ಲ. ಮಾರುವವರು ನಾಳೆ ಬೆಳಿಗ್ಗೆ ಮನಸ್ಸು ಬದಲಿಸಬಹುದು. ನೀವೂ ಬದಲಿಸಬಹುದು. ಅದಕ್ಕಾಗಿ ಯಾರೂ ಯಾರಿಗೂ ಒಂದು ಪೌಂಡ್ ಕೂಡ ಕೊಡಬೇಕಾಗಿಲ್ಲ.

ಇದಕ್ಕೆ ಕಾರಣ 1989ರ ಒಂದು ಕಾನೂನು. ಮನೆ, ಜಮೀನು ಮಾರುವ ಕರಾರು ಬರಹದಲ್ಲಿರಬೇಕು. ಒಪ್ಪಿಕೊಂಡ ಷರತ್ತುಗಳೆಲ್ಲ ಅದರಲ್ಲಿರಬೇಕು. ಎರಡೂ ಕಡೆಯವರ ಸಹಿ ಬೀಳಬೇಕು. ಅಲ್ಲಿಯವರೆಗೆ ಫೋನಿನ ಮಾತು, ಕೈ ಕುಲುಕಿದ್ದು, ಏಜೆಂಟ್ ಕಳಿಸಿದ ಪತ್ರ, ಯಾವುದಕ್ಕೂ ಬಲವಿಲ್ಲ. ನಮ್ಮ ಕಡೆ ಟೋಕನ್ ಅಡ್ವಾನ್ಸ್ ಕೊಟ್ಟರೆ ಮಾತು ಸ್ವಲ್ಪವಾದರೂ ಬಿಗಿಯಾಗುತ್ತದೆ. ಇಲ್ಲಿ ಹಳೆಯ ಮನೆಗಳ ವ್ಯವಹಾರದಲ್ಲಿ ಸಾಮಾನ್ಯವಾಗಿ ಆ ಪದ್ಧತಿ ಇಲ್ಲ. ಬಿಲ್ಡರ್ ಹತ್ತಿರ ಹೊಸ ಮನೆ ಕೊಂಡರೆ ರಿಸರ್ವೇಷನ್ ಫೀ ಕಟ್ಟಿಸಿಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಆಫರ್ ಒಪ್ಪಿದ ಮೇಲೂ ಬೇರೆ ಯಾರೋ ಹತ್ತು ಸಾವಿರ ಪೌಂಡ್ ಜಾಸ್ತಿ ಕೊಡುತ್ತೇನೆ ಅಂದರೆ ಮಾರುವವರು ಆ ಕಡೆ ಜಾರಬಹುದು. ಇದಕ್ಕೆ ಗ್ಯಾಸಂಪಿಂಗ್ ಅನ್ನುತ್ತಾರೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಎಲ್ಲ ಮುಗಿಯುತ್ತಾ ಬಂದಾಗ ಕೊಳ್ಳುವವರು "ಇಷ್ಟು ಕಡಿಮೆ ಮಾಡಿದರೆ ಮಾತ್ರ ಸಹಿ" ಎಂದು ಪಟ್ಟು ಹಿಡಿಯುತ್ತಾರೆ. ಅದು ಗ್ಯಾಸಂಡರಿಂಗ್. ಎರಡೂ ಮರ್ಯಾದೆಯ ಕೆಲಸವಲ್ಲ, ಎರಡೂ ಕಾನೂನುಬಾಹಿರವೂ ಅಲ್ಲ. ಅಷ್ಟರಲ್ಲಿ ನೀವು ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೆಗೆ, ಕಾಗದಪತ್ರ ನೋಡುವ ವಕೀಲರಾದ ಸಾಲಿಸಿಟರಿಗೆ ಕಟ್ಟಿದ ದುಡ್ಡು ಹೋಯಿತು ಅಂತಲೇ ಲೆಕ್ಕ. ಈ ಪದ್ಧತಿ ಬದಲಾಗಬೇಕೆಂಬ ಕೂಗು ಹಳೆಯದು. 2025ರ ಅಕ್ಟೋಬರಿನಲ್ಲಿ ಸರ್ಕಾರವೇ ಸುಧಾರಣೆಯ ಪ್ರಸ್ತಾಪ ಮುಂದಿಟ್ಟು ಜನರ ಅಭಿಪ್ರಾಯ ಕೇಳಿತು. ಸ್ಕಾಟ್‌ಲೆಂಡಿನ ಪದ್ಧತಿಯೇ ಬೇರೆ. ಅಲ್ಲಿರುವ ಗೆಳೆಯರ ಅನುಭವ ಕೇಳಿ ಇಲ್ಲಿ ಹೆಜ್ಜೆ ಇಡಬೇಡಿ.

ಎಕ್ಸ್‌ಚೇಂಜ್ ಆದ ಕ್ಷಣ

ಮಾತು ಗಟ್ಟಿಯಾಗುವುದು ಎಕ್ಸ್‌ಚೇಂಜ್ ದಿನ. ಇಬ್ಬರೂ ಒಂದೇ ಕರಾರಿನ ಒಂದೊಂದು ಪ್ರತಿಗೆ ಮೊದಲೇ ಸಹಿ ಹಾಕಿ ತಮ್ಮ ತಮ್ಮ ಸಾಲಿಸಿಟರ್ ಹತ್ತಿರ ಇಟ್ಟಿರುತ್ತಾರೆ. ಸಾಲಿಸಿಟರುಗಳು ಫೋನಿನಲ್ಲಿ ಮಾತಾಡಿ ದಿನಾಂಕ ತುಂಬುತ್ತಾರೆ. ಆ ಫೋನ್ ಕರೆ ಮುಗಿದ ಕ್ಷಣದಿಂದ ಹಿಂದೆ ಸರಿಯುವ ಹಾಗಿಲ್ಲ. ಸಾಮಾನ್ಯವಾಗಿ ಬೆಲೆಯ ಶೇಕಡಾ 10ರಷ್ಟು ಡಿಪಾಸಿಟ್ ಆಗ ಕೊಡಬೇಕು.

ಆಮೇಲೆ ಕೊಳ್ಳುವವರು ಕೈಯೆತ್ತಿದರೆ? ಇಲ್ಲಿ ಹೆಚ್ಚಾಗಿ ಬಳಸುವ ಕರಾರಿನ ನಮೂನೆಯಲ್ಲಿ ಇದಕ್ಕೆ ಉತ್ತರವಿದೆ. ಮಾರುವವರು ನೋಟಿಸ್ ಕೊಡುತ್ತಾರೆ. 10 ಕೆಲಸದ ದಿನಗಳೊಳಗೆ ವ್ಯವಹಾರ ಮುಗಿಸದಿದ್ದರೆ ಡಿಪಾಸಿಟ್ ಹೋಯಿತು. ಮನೆಯನ್ನು ಆಮೇಲೆ ಕಡಿಮೆಗೆ ಮಾರಬೇಕಾಗಿ ಬಂದರೆ ಆ ನಷ್ಟವನ್ನೂ ಕೇಳಬಹುದು. ಹಾಗಾಗಿ ಮನೆಸಾಲ ಕೊಡುತ್ತೇವೆ ಎಂಬ ಬ್ಯಾಂಕಿನ ಮಾರ್ಟ್‌ಗೇಜ್ ಆಫರ್ ಕಾಗದದ ಮೇಲೆ ಬರುವ ತನಕ ಎಕ್ಸ್‌ಚೇಂಜ್ ಮಾಡಬೇಡಿ. "ಬಂದೇ ಬರುತ್ತದೆ" ಎಂದು ಯಾರು ಹೇಳಿದರೂ ಅಷ್ಟೇ.

ತುಂಬಾ ಜನ ಗಮನಿಸದ ಇನ್ನೊಂದು ವಿಷಯವಿದೆ. ಆ ಕರಾರಿನ ಪ್ರಕಾರ ಎಕ್ಸ್‌ಚೇಂಜ್ ಆದ ಕೂಡಲೇ ಮನೆಯ ಹೊಣೆ ಕೊಳ್ಳುವವರ ಹೆಗಲಿಗೆ ಬರುತ್ತದೆ. ಕೀಲಿ ಇನ್ನೂ ಸಿಕ್ಕಿರುವುದಿಲ್ಲ, ಹಳೆಯ ಮಾಲೀಕರೇ ಒಳಗೆ ಅಡುಗೆ ಮಾಡುತ್ತಿರುತ್ತಾರೆ. ಆದರೆ ಬೆಂಕಿ ಬಿದ್ದರೆ ನೀವು ಒಪ್ಪಿದ ಬೆಲೆ ಕೊಟ್ಟೇ ಕೊಳ್ಳಬೇಕು. ಕಟ್ಟಡದ ಇನ್ಶೂರೆನ್ಸ್ ಎಕ್ಸ್‌ಚೇಂಜ್ ದಿನದಿಂದಲೇ ಶುರುವಾಗಬೇಕು ಅನ್ನುವುದು ಇದಕ್ಕೆ.

ಉಳಿದ ಹಣ ಕಟ್ಟಿ ಕೀಲಿ ಪಡೆಯುವ ದಿನ ಕಂಪ್ಲೀಷನ್. ಇದು ಒಂದೆರಡು ವಾರದ ನಂತರ ಬರುವುದು ಸಾಮಾನ್ಯ. ಇಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಹೆಬ್ಬೆಟ್ಟು ಒತ್ತುವುದು ಏನೂ ಇಲ್ಲ. ಮಾರುವವರ ಮುಖವನ್ನೂ ನೋಡದೆ ಮನೆ ಕೊಂಡವರಿದ್ದಾರೆ. ಹಣ ಒಂದು ಸಾಲಿಸಿಟರಿನ ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಏಜೆಂಟ್ ಕೀಲಿ ಕೊಡುತ್ತಾರೆ. ನಿಮಗೆ ಮಾರುವವರು ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ, ಅದರ ಮಾಲೀಕರು ಮತ್ತೊಂದನ್ನು. ಈ ಸಾಲಿಗೆ ಚೈನ್ ಅನ್ನುತ್ತಾರೆ. ಎಲ್ಲರೂ ಒಂದೇ ದಿನ ಮನೆ ಬದಲಿಸುವುದರಿಂದ ಒಬ್ಬರು ತಡೆದರೆ ಎಲ್ಲರೂ ನಿಲ್ಲುತ್ತಾರೆ.

ಒಂದು ಎಚ್ಚರಿಕೆ. ಸಾಲಿಸಿಟರಿನ ಇಮೇಲನ್ನೇ ಹೋಲುವ ಇಮೇಲ್ ಕಳಿಸಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎನ್ನುವ ವಂಚಕರಿದ್ದಾರೆ. ಮೊದಲ ದಿನ ಕೊಟ್ಟ ಫೋನ್ ನಂಬರಿಗೆ ನೀವೇ ಕರೆ ಮಾಡಿ, ಖಾತೆ ನಂಬರ್ ಓದಿಸಿ ಕೇಳಿದ ಮೇಲೇ ಹಣ ಕಳಿಸಿ. ಇಮೇಲಿನಲ್ಲಿ ಬಂದ ನಂಬರಿಗಲ್ಲ.

ದೋಷ ಹೇಳುವ ಕರ್ತವ್ಯ ಯಾರದ್ದು?

ಮಾರುವವರು ಮನೆಯ ಎಲ್ಲ ಹುಳುಕನ್ನೂ ತಾವಾಗಿಯೇ ಹೇಳಬೇಕಾಗಿಲ್ಲ. ನೋಡಿಕೊಂಡು ಕೊಳ್ಳುವುದು ಕೊಳ್ಳುವವರ ಕೆಲಸ ಅನ್ನುವುದು ಇಲ್ಲಿನ ಹಳೆಯ ನಿಯಮ. ಆದರೆ ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವ ಹಾಗಿಲ್ಲ. ಮಾರುವವರು ತುಂಬುವ ಟಿಎ6 ಎಂಬ ಫಾರಂ ಇದೆ. ಅದರಲ್ಲಿ ನೆರೆಯವರ ಜೊತೆಗಿನ ಜಗಳ, ಪ್ರವಾಹದ ನೀರು ನುಗ್ಗಿದ್ದು, ಮನೆಗೆ ಮಾಡಿಸಿದ ಬದಲಾವಣೆ, ಬೇಲಿ ಯಾರದ್ದು, ಹೀಗೆ ಪ್ರಶ್ನೆಗಳಿವೆ. ಜಪಾನೀಸ್ ನಾಟ್‌ವೀಡ್ ಎಂಬ ಕಳೆ ಇದೆಯೇ ಎಂದೂ ಕೇಳುತ್ತಾರೆ. ಬೇರಿನಿಂದಲೇ ಹಬ್ಬುವ ಹಠಮಾರಿ ಗಿಡ ಅದು. ಅದಿದೆ ಎಂದರೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ.

ಸುಳ್ಳು ಹೇಳಿದರೆ ಎಷ್ಟು ದುಬಾರಿಯಾಗಬಹುದು? ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಒಂದು ಬಂಗಲೆ 2019ರಲ್ಲಿ 3.25 ಕೋಟಿ ಪೌಂಡಿಗೆ ಮಾರಾಟವಾಯಿತು. ಕೊಂಡವರು ಹೋಗಿ ನೆಲೆಸಿದರೆ ಮನೆ ತುಂಬಾ ನುಸಿಚಿಟ್ಟೆ. ಬಟ್ಟೆ ಬಟ್ಟೆಯೂ ತೂತು. ಗೋಡೆಯೊಳಗೆ ತುಂಬಿದ್ದ ಉಣ್ಣೆಯಲ್ಲೇ ಅವು ಸಂಸಾರ ಹೂಡಿದ್ದವು. ಹಿಂದಿನ ಮಾಲೀಕರಿಗೆ ಈ ಕಾಟ ಗೊತ್ತಿತ್ತು, ಔಷಧಿಯನ್ನೂ ಹೊಡೆಸಿದ್ದರು. ಆದರೆ ಮಾರಾಟದ ಮೊದಲು ಕೇಳಿದ ಪ್ರಶ್ನೆಗೆ ಅಂಥದ್ದೇನೂ ಗೊತ್ತಿಲ್ಲ ಎಂದಿದ್ದರು. 2025ರ ಫೆಬ್ರವರಿಯಲ್ಲಿ ಹೈಕೋರ್ಟ್ ಮಾರಾಟವನ್ನೇ ರದ್ದು ಮಾಡಿತು. ಅಷ್ಟು ವರ್ಷ ವಾಸವಿದ್ದ ಲೆಕ್ಕ ಕಳೆದು ಉಳಿದ ಹಣ ವಾಪಸು ಕೊಡಿ, ಜೊತೆಗೆ ಪರಿಹಾರವನ್ನೂ ಕೊಡಿ ಎಂದಿತು. ಮಾರುವವರು ಇದರಿಂದ ತಿಳಿಯಬೇಕಾದ್ದು ಇಷ್ಟೇ: ಗೊತ್ತಿದ್ದರೆ ಗೊತ್ತಿದೆ ಎನ್ನಿ. ನಿಜವಾಗಿಯೂ ಗೊತ್ತಿಲ್ಲದಿದ್ದರೆ "ಇಲ್ಲ" ಎನ್ನಬೇಡಿ, "ಗೊತ್ತಿಲ್ಲ" ಎನ್ನಿ.

ಕೊಳ್ಳುವವರು ಮಾರುವವರ ಉತ್ತರವನ್ನಷ್ಟೇ ನಂಬಿ ಕೂರುವುದು ಬೇಡ. ಬ್ಯಾಂಕ್ ಕಳಿಸುವ ವ್ಯಾಲ್ಯುವರ್ ನೋಡುವುದು ತನ್ನ ಸಾಲಕ್ಕೆ ಮನೆ ಸಾಕೇ ಎಂಬುದನ್ನು ಮಾತ್ರ. ಛಾವಣಿ ಸೋರುತ್ತದೆಯೇ, ಗೋಡೆಯಲ್ಲಿ ತೇವವಿದೆಯೇ ಎಂದು ನೋಡಲು ನೀವೇ ಸರ್ವೇಯರನ್ನು ಹಿಡಿಯಬೇಕು. ವಿಕ್ಟೋರಿಯಾ ಕಾಲದ ಮನೆಯಾದರೆ ಅತಿ ವಿವರವಾದ ಲೆವೆಲ್ 3 ಸರ್ವೆಯೇ ಮಾಡಿಸಿ, ಇಲ್ಲಿ ಕಂಜೂಸು ಮಾಡಬೇಡಿ.

ದಾಖಲೆ ತಪಾಸಣೆಗೆ ಸಾಲಿಸಿಟರ್ ಮಾಡಿಸುವ ಸರ್ಚ್‌ಗಳು ಬೇರೆ: ಕೌನ್ಸಿಲ್ (ಸ್ಥಳೀಯ ಆಡಳಿತ) ದಾಖಲೆ, ನೀರು ಮತ್ತು ಚರಂಡಿ, ನೆಲದ ಮಾಲಿನ್ಯ, ಗಣಿ ಇದ್ದ ಕಡೆ ಕಲ್ಲಿದ್ದಲು. ಇವು ಹೇಳುವುದು ಹೆಚ್ಚಾಗಿ ನಿಮ್ಮ ಮನೆಯ ವಿಷಯವನ್ನೇ. ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ಮಹಡಿ ಏಳುವುದಿದ್ದರೆ ಕೌನ್ಸಿಲ್ ಸರ್ಚ್ ಸುಮ್ನೆ ಇರುತ್ತದೆ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಪ್ಲಾನಿಂಗ್ ಅರ್ಜಿಗಳನ್ನು ನೀವೇ ಹುಡುಕಿ ನೋಡಿ. ಚರ್ಚಿನ ದುರಸ್ತಿಗೆ ದುಡ್ಡು ಕೊಡುವ ಹಳೆಯ ಹೊಣೆಯೂ ಕೆಲವು ಜಮೀನುಗಳ ಮೇಲಿದೆ. ನಗಬೇಡಿ. ವಾರ್ವಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೋದ ದಂಪತಿ ಇದರ ವಿರುದ್ಧ ಆಗ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ಸೋತರು.

ಹಿಂದೆ ಯಾರೋ ಅನುಮತಿಯ ಕಾಗದವಿಲ್ಲದೆ ಒಂದು ಕೋಣೆ ಕಟ್ಟಿಸಿದ್ದರೆ ಸಾಲಿಸಿಟರುಗಳು ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಕೌನ್ಸಿಲ್ ಕ್ರಮ ಕೈಗೊಂಡರೆ ಅದು ನಷ್ಟ ತುಂಬುತ್ತದೆ, ಕೋಣೆ ಗಟ್ಟಿಯಾಗಿದೆ ಎಂದೇನೂ ಹೇಳುವುದಿಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ. "ಅನುಮತಿ ಇದೆಯಾ" ಎಂದು ನೀವು ಒಳ್ಳೆಯ ಮನಸ್ಸಿನಿಂದ ಕೌನ್ಸಿಲ್‌ಗೆ ಫೋನ್ ಮಾಡಿದರೆ ಆ ಪಾಲಿಸಿಯೇ ಸಿಗದೆ ಹೋಗಬಹುದು. ಮೊದಲು ಸಾಲಿಸಿಟರನ್ನು ಕೇಳಿ.

"ಮೂಲಪತ್ರ ಎಲ್ಲಿ?"

ಊರಿನಲ್ಲಿರುವ ಅಪ್ಪ ಕೇಳುವ ಮೊದಲ ಪ್ರಶ್ನೆ ಇದು. ಕೇಳುವುದು ಸಹಜ. ಕರ್ನಾಟಕದಲ್ಲಿ ನೋಂದಣಿಯಾಗುವುದು ಕ್ರಯಪತ್ರ. ಮಾಲೀಕತ್ವ ಸರಿಯಿದೆ ಎಂದು ಸರ್ಕಾರ ಖಾತ್ರಿ ಕೊಡುವುದಿಲ್ಲ. ಅದಕ್ಕೇ ಮೂಲಪತ್ರ, ಇ.ಸಿ., ಖಾತೆ ಎಲ್ಲ ಜೋಡಿಸಿ ವಕೀಲರಿಗೆ ತೋರಿಸುತ್ತೇವೆ. ಇಂಗ್ಲೆಂಡಿನಲ್ಲಿ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ ಎಂಬ ಸರ್ಕಾರಿ ನೋಂದಣಿ ಸಂಸ್ಥೆಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಮಾಲೀಕರು. ಪುಸ್ತಕ ತಪ್ಪಾಗಿ ನಿಮಗೆ ನಷ್ಟವಾದರೆ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಅಲ್ಲಿ ನೋಂದಣಿಯಾದ ಯಾವ ಮನೆಯ ದಾಖಲೆಯನ್ನಾದರೂ ಯಾರು ಬೇಕಾದರೂ ಕೆಲವೇ ಪೌಂಡ್ ಕೊಟ್ಟು ಆನ್‌ಲೈನಿನಲ್ಲಿ ನೋಡಬಹುದು. ನೆರೆಮನೆಯವರು ಎಷ್ಟಕ್ಕೆ ಕೊಂಡರು ಎಂಬ ಕುತೂಹಲವೂ ಇದರಿಂದ ತಣಿಯುತ್ತದೆ.

ಹಾಗೆಂದು ಮೋಸ ಇಲ್ಲವೆಂದಲ್ಲ. 2021ರಲ್ಲಿ ಲೂಟನ್ನಿನ ಪಾದ್ರಿಯೊಬ್ಬರು ಊರಿಂದ ಮರಳಿದಾಗ ಅವರ ಮನೆಯೊಳಗೆ ಯಾರದೋ ಕೆಲಸಗಾರರಿದ್ದರು. ಪಾದ್ರಿಯ ಹೆಸರು ಹೇಳಿಕೊಂಡು ಬೇರೆ ಯಾರೋ ಮನೆ ಮಾರಿಬಿಟ್ಟಿದ್ದರು. ಬೆಂಗಳೂರಿಗೆ ಮರಳಿ ಇಲ್ಲಿನ ಮನೆ ಬಾಡಿಗೆಗೆ ಬಿಟ್ಟವರಿಗೆ, ಸಾಲ ತೀರಿದ ಮನೆಯವರಿಗೆ ಈ ಭಯ ಜಾಸ್ತಿ. ಲ್ಯಾಂಡ್ ರಿಜಿಸ್ಟ್ರಿಯ ಪ್ರಾಪರ್ಟಿ ಅಲರ್ಟ್ ಉಚಿತ. ನಿಮ್ಮ ಮನೆಯ ದಾಖಲೆ ಮುಟ್ಟಲು ಯಾರಾದರೂ ಅರ್ಜಿ ಹಾಕಿದರೆ ಇಮೇಲ್ ಬರುತ್ತದೆ. ಇಂದೇ ಹಾಕಿಕೊಳ್ಳಿ.

ಫ್ಲಾಟ್ ಕೊಂಡರೆ ಏನು ಕೊಂಡ ಹಾಗೆ?

ಫ್ರೀಹೋಲ್ಡ್ ಎಂದರೆ ನೆಲವೂ ಮನೆಯೂ ನಿಮ್ಮದು. ಆದರೆ ಇಂಗ್ಲೆಂಡಿನ ಫ್ಲಾಟುಗಳು ಬಹುಪಾಲು ಲೀಸ್‌ಹೋಲ್ಡ್. ಅಂದರೆ ನೀವು ಕೊಳ್ಳುವುದು ಇಷ್ಟು ವರ್ಷ ಇಟ್ಟುಕೊಳ್ಳುವ ಹಕ್ಕನ್ನು. ಕಟ್ಟಡ ಬೇರೆಯವರದು. ಅವರಿಗೆ ಸರ್ವಿಸ್ ಚಾರ್ಜ್ (ನಿರ್ವಹಣಾ ವೆಚ್ಚ) ಕಟ್ಟಬೇಕು, ಹಳೆಯ ಲೀಸ್ ಆದರೆ ಗ್ರೌಂಡ್ ರೆಂಟ್ (ನೆಲಬಾಡಿಗೆ) ಕೂಡ. 2022ರ ಜೂನ್ 30ರ ನಂತರದ ಹೊಸ ಲೀಸ್‌ಗಳಲ್ಲಿ ಸಾಮಾನ್ಯವಾಗಿ ಗ್ರೌಂಡ್ ರೆಂಟ್ ಕೇಳುವ ಹಾಗಿಲ್ಲ.

ನೋಡಬೇಕಾದ ಅಂಕಿ 80. ಲೀಸಿನಲ್ಲಿ ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿದರೆ ಅದನ್ನು ಬೆಳೆಸುವ ಖರ್ಚು ಏಕ್‌ದಂ ಏರುತ್ತದೆ, ಸಾಲ ಸಿಗುವುದೂ ಕಷ್ಟವಾಗುತ್ತಾ ಹೋಗುತ್ತದೆ. 1985ರಲ್ಲಿ 99 ವರ್ಷಕ್ಕೆ ಬರೆದ ಲೀಸ್ 2004ರಲ್ಲೇ ಆ ಗೆರೆ ಮುಟ್ಟಿದೆ. ಇಂಥ ಫ್ಲಾಟ್ ಚೀಪಾಗಿ ಕಾಣುವುದು ಅದಕ್ಕೇ. ಲೀಸ್ ಸುಧಾರಣೆಯ 2024ರ ಕಾಯ್ದೆಯಲ್ಲಿ ಈ 80ರ ಕಾಟ ತೆಗೆಯುವ ಅಂಶವಿದೆ. ಆದರೆ ಆ ಕಾಯ್ದೆ ತುಂಡುತುಂಡಾಗಿ ಜಾರಿಗೆ ಬರುತ್ತಿದೆ. ಲೀಸ್ ಬೆಳೆಸಲು ಎರಡು ವರ್ಷ ಮಾಲೀಕರಾಗಿರಬೇಕು ಎಂಬ ನಿಯಮ 2025ರ ಜನವರಿ 31ರಂದು ಹೋಯಿತು. ಉಳಿದದ್ದರಲ್ಲಿ ಯಾವುದು ಜಾರಿಯಾಗಿದೆ ಎಂದು ನೀವು ಕೊಳ್ಳುವ ವಾರದಲ್ಲೇ ಸಾಲಿಸಿಟರನ್ನು ಕೇಳಿ. ಪತ್ರಿಕೆಯ ತಲೆಬರಹ ನಂಬಬೇಡಿ.

ಲಂಡನ್ನಿನಲ್ಲಿ 72 ಜನ ಸತ್ತ 2017ರ ಗ್ರೆನ್‌ಫೆಲ್ ಟವರ್ ಬೆಂಕಿಯ ನಂತರ ಎತ್ತರದ ಕಟ್ಟಡಗಳ ಹೊರಹೊದಿಕೆಯ ಪ್ರಶ್ನೆಯೂ ಸೇರಿಕೊಂಡಿದೆ. 11 ಮೀಟರ್ ಅಥವಾ ಐದು ಮಹಡಿ, ಇಲ್ಲವೇ ಅದಕ್ಕಿಂತ ಹೆಚ್ಚು ಎತ್ತರದ ಕಟ್ಟಡವಾದರೆ ದುರಸ್ತಿ ಯಾರ ಖರ್ಚಿನಲ್ಲಿ ಎಂಬುದರ ಕಾಗದ ನೋಡದೆ ಮುಂದುವರಿಯಬೇಡಿ.

ಊರಿನ ಮನೆಯೂ ಲೆಕ್ಕಕ್ಕೆ ಬರುತ್ತದೆ

ನಮ್ಮವರು ಅತಿ ಹೆಚ್ಚು ಎಡವುವ ಜಾಗ ಇದು. ಇಂಗ್ಲೆಂಡಿನ ಸ್ಟ್ಯಾಂಪ್ ಡ್ಯೂಟಿ 2025ರ ಏಪ್ರಿಲ್ 1ರಿಂದ ಹೀಗಿದೆ: ಮೊದಲ 1,25,000 ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗಿನ ಭಾಗಕ್ಕೆ ಶೇಕಡಾ 2, ಮುಂದೆ 9,25,000ದವರೆಗಿನ ಭಾಗಕ್ಕೆ ಶೇಕಡಾ 5, ಅದರ ಮೇಲೆ ಇನ್ನೂ ಜಾಸ್ತಿ. ಮೊದಲ ಬಾರಿ ಮನೆ ಕೊಳ್ಳುವವರಿಗೆ 3,00,000ದವರೆಗೆ ತೆರಿಗೆಯಿಲ್ಲ, 5,00,000ದವರೆಗಿನ ಉಳಿದ ಭಾಗಕ್ಕೆ ಶೇಕಡಾ 5. ಬೆಲೆ 5,00,000 ದಾಟಿದರೆ ಈ ರಿಯಾಯಿತಿಯೇ ಇಲ್ಲ.

ಆದರೆ "ಮೊದಲ ಬಾರಿ" ಎಂದರೆ ಜಗತ್ತಿನಲ್ಲಿ ಮೊದಲ ಬಾರಿ. ಮೈಸೂರಿನಲ್ಲಿ ಫ್ಲಾಟ್ ಇದ್ದರೆ, ಹಿಂದೆ ಇದ್ದು ಮಾರಿದ್ದರೂ, ನೀವು ಮೊದಲ ಬಾರಿಯವರಲ್ಲ. ಪಿತ್ರಾರ್ಜಿತವಾಗಿ ಬಂದ ಪಾಲೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಪಾಲು ಬರುತ್ತದೆ. ನೀವು ಕೇಳಿದ್ದೀರೋ ಇಲ್ಲವೋ ಅದು ಬೇರೆ ಮಾತು. "ಹಾಸನದ ಮನೆ ಅಣ್ಣನ ಹೆಸರಿಗೆ ಖಾತೆ ಆಗಿದೆ, ನನಗೇನೂ ಇಲ್ಲ" ಎಂದು ಫಾರಂ ತುಂಬಬೇಡಿ. ಖಾತೆ ಇರುವುದು ತೆರಿಗೆ ಕಟ್ಟಲು, ಮಾಲೀಕತ್ವ ತೀರ್ಮಾನಿಸಲು ಅಲ್ಲ. ಊರಿನ ಜಮೀನು, ಖಾಲಿ ಸೈಟು ಮನೆಯಲ್ಲ, ಅವುಗಳಿಂದ ಈ ತೊಂದರೆಯಿಲ್ಲ.

ರಿಯಾಯಿತಿ ತಪ್ಪುವುದು ಒಂದು. ಇನ್ನೊಂದು ಮನೆ ಈಗಲೂ ನಿಮ್ಮದಾಗಿದ್ದರೆ 2024ರ ಅಕ್ಟೋಬರ್ 31ರಿಂದ ಇಡೀ ಬೆಲೆಯ ಮೇಲೆ ಶೇಕಡಾ 5 ಹೆಚ್ಚುವರಿ ಬೀಳುತ್ತದೆ. ಆ ಮನೆ ಭಾರತದಲ್ಲಿದ್ದರೂ ಅಷ್ಟೇ. 4,00,000 ಪೌಂಡಿನ ಮನೆಗೆ ಮೊದಲ ಬಾರಿಯವರು ಕೊಡುವುದು 5,000. ಸಾಮಾನ್ಯ ದರದಲ್ಲಿ 10,000. ಊರಿನಲ್ಲಿ ಮನೆಯಿದ್ದರೆ 30,000. ಮದುವೆಯಾಗಿ ಒಟ್ಟಿಗಿರುವ ಗಂಡ ಹೆಂಡತಿಯನ್ನು ಇದಕ್ಕೆ ಒಂದೇ ಎಂದು ನೋಡುತ್ತಾರೆ. ಗಂಡನಿಗೆ ಬೆಂಗಳೂರಿನಲ್ಲಿ ಫ್ಲಾಟ್ ಇದ್ದು, ಹೆಂಡತಿಯೊಬ್ಬಳ ಹೆಸರಿನಲ್ಲಿ ಇಲ್ಲಿ ಕೊಂಡರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈ ಹೆಚ್ಚುವರಿಗೆ ಕೆಲವು ವಿನಾಯಿತಿ ಇವೆ. ನಿಮ್ಮ ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆಯಿದ್ದರೆ ಬಿಡುತ್ತಾರೆ. ಕಳೆದ ಮೂರು ವರ್ಷದೊಳಗೆ ಪಿತ್ರಾರ್ಜಿತವಾಗಿ ಬಂದಿದ್ದು, ಪಾಲು ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೂ ಬಿಡುತ್ತಾರೆ. ಆದರೆ ಮೊದಲ ಬಾರಿಯ ರಿಯಾಯಿತಿಗೆ ಈ ವಿನಾಯಿತಿಗಳು ಉಪಯೋಗಕ್ಕೆ ಬರುವುದಿಲ್ಲ. ಎರಡನ್ನೂ ಬೆರೆಸಬೇಡಿ. ಒಟ್ಟು ಕುಟುಂಬದ ಆಸ್ತಿಯಾದರೆ ಎರಡೂ ದೇಶದ ಕಾನೂನು ಬಲ್ಲ ತೆರಿಗೆ ಸಲಹೆಗಾರರನ್ನು ಆಫರ್ ಹಾಕುವ ಮೊದಲೇ ನೋಡಿ. ಕೊಳ್ಳುವ ಮುಂಚಿನ 12 ತಿಂಗಳಲ್ಲಿ 183 ದಿನಕ್ಕಿಂತ ಕಡಿಮೆ ಬ್ರಿಟನ್ನಿನಲ್ಲಿದ್ದವರಿಗೆ ಇನ್ನೂ ಶೇಕಡಾ 2 ಸೇರುತ್ತದೆ. ತೆರಿಗೆ ಫಾರಂ ಮತ್ತು ಹಣ ಕಂಪ್ಲೀಷನ್ ಆದ 14 ದಿನದೊಳಗೆ ಸಲ್ಲಬೇಕು. ಸಾಲಿಸಿಟರ್ ತುಂಬುತ್ತಾರೆ, ಆದರೆ ಉತ್ತರದ ಹೊಣೆ ನಿಮ್ಮದು.

ಅಪ್ಪ ಅಮ್ಮ ಕಳಿಸಿದ ಹಣ

ಡಿಪಾಸಿಟ್ ಹಣ ಎಲ್ಲಿಂದ ಬಂತು ಎಂದು ಸಾಲಿಸಿಟರ್ ಕೇಳಲೇಬೇಕು. ಕಪ್ಪುಹಣ ತಡೆಯುವ ನಿಯಮ ಅದು, ನಿಮ್ಮ ಮೇಲಿನ ಅನುಮಾನವಲ್ಲ. ಊರಿನ ಸೈಟು ಮಾರಿ ಕಳಿಸಿದ್ದರೆ ಕ್ರಯಪತ್ರ ಕೇಳುತ್ತಾರೆ. ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಈ ಹಣ ಸಾಲವಲ್ಲ, ಮನೆಯಲ್ಲಿ ನಮಗೆ ಪಾಲು ಬೇಡ ಎಂದು ಹೆತ್ತವರು ಬರೆದುಕೊಡಬೇಕೆಂದು ಬ್ಯಾಂಕ್ ಕೇಳುವುದು ಸಾಮಾನ್ಯ. ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳಿಸಬಹುದಾದ್ದು 2,50,000 ಡಾಲರ್‌ವರೆಗೆ. ಮಾರ್ಚ್ ಕೊನೆಗೆ ಒಂದಷ್ಟು, ಏಪ್ರಿಲಿನಲ್ಲಿ ಒಂದಷ್ಟು ಎಂದು ಯೋಜಿಸುವವರು ಇದಕ್ಕೇ.

ಇಬ್ಬರ ಹೆಸರಿನಲ್ಲಿ ಕೊಳ್ಳುವಾಗ ಒಂದು ಪ್ರಶ್ನೆ ಬರುತ್ತದೆ: ಜಾಯಿಂಟ್ ಟೆನೆಂಟ್ಸ್ ಆಗುತ್ತೀರೋ, ಟೆನೆಂಟ್ಸ್ ಇನ್ ಕಾಮನ್ ಆಗುತ್ತೀರೋ? ಮೊದಲನೆಯದರಲ್ಲಿ ಒಬ್ಬರು ಸತ್ತರೆ ಇಡೀ ಮನೆ ತಾನಾಗಿ ಇನ್ನೊಬ್ಬರಿಗೆ. ಉಯಿಲಿನಲ್ಲಿ ಏನು ಬರೆದಿದ್ದರೂ ನಡೆಯದು. ಎರಡನೆಯದರಲ್ಲಿ ಪಾಲು ಬೇರೆ ಬೇರೆ, ಯಾರಿಗೆ ಬೇಕಾದರೂ ಬರೆದಿಡಬಹುದು. ಒಬ್ಬರ ಮನೆಯವರು ದೊಡ್ಡ ಮೊತ್ತ ಹಾಕಿದ್ದರೆ, ಮದುವೆಯಾಗದೆ ಒಟ್ಟಿಗಿದ್ದರೆ, ಅಣ್ಣತಮ್ಮಂದಿರು ಸೇರಿ ಕೊಂಡರೆ ಎರಡನೆಯದೇ ವಾಸಿ ಎಂದು ನನ್ನ ಅಭಿಪ್ರಾಯ. ಪಾಲು ಎಷ್ಟೆಷ್ಟು ಎಂದು ಅದೇ ದಿನ ಪತ್ರ ಮಾಡಿಸಿ. ಆಗ ನಾಚಿಕೆಪಟ್ಟು ಸುಮ್ಮನಿದ್ದವರ ಜಗಳಗಳು ಇಲ್ಲಿನ ದೊಡ್ಡ ಕೋರ್ಟಿನವರೆಗೂ ಹೋಗಿವೆ.

ಮಾರುವವರಿಗೆ ನಾಲ್ಕು ಮಾತು

ಏಜೆಂಟ್ ಕೆಲಸ ಮಾಡುವುದು ಮಾರುವವರಿಗಾಗಿ, ಫೀ ಕೊಡುವುದೂ ಅವರೇ. ಒಪ್ಪಂದದಲ್ಲಿ "ಸೋಲ್ ಸೆಲ್ಲಿಂಗ್ ರೈಟ್ಸ್" ಎಂದಿದ್ದರೆ ನಿಮ್ಮ ಗೆಳೆಯರಿಗೇ ಮನೆ ಮಾರಿದರೂ ಏಜೆಂಟಿಗೆ ಫೀ ಕೊಡಬೇಕು. "ಸೋಲ್ ಏಜೆನ್ಸಿ" ಆದರೆ ಹಾಗಿಲ್ಲ. ಇಪಿಸಿ ಎಂಬ ಇಂಧನ ಪ್ರಮಾಣಪತ್ರ ಬೇಕು, ಅದು 10 ವರ್ಷ ನಡೆಯುತ್ತದೆ. ಪರದೆಯ ಸರಳು, ಕಪಾಟು, ಒಲೆ ಇವುಗಳಲ್ಲಿ ಯಾವುದನ್ನು ಬಿಟ್ಟು ಹೋಗುತ್ತೀರಿ ಎಂದು ಟಿಎ10 ಫಾರಂನಲ್ಲಿ ಬರೆಯಿರಿ. ಬರೆದದ್ದನ್ನು ಕಿತ್ತುಕೊಂಡು ಹೋಗಬೇಡಿ.

ಕೊಂಡಾಗಿನಿಂದ ನೀವೇ ವಾಸವಿದ್ದ ಮನೆಯಾದರೆ ಲಾಭದ ಮೇಲೆ ಸಾಮಾನ್ಯವಾಗಿ ತೆರಿಗೆ ಬರುವುದಿಲ್ಲ. ಬಾಡಿಗೆಗೆ ಬಿಟ್ಟಿದ್ದರೆ ಬರಬಹುದು, ಆಗ ಕಂಪ್ಲೀಷನ್ ಆದ 60 ದಿನದೊಳಗೆ ತೆರಿಗೆ ಇಲಾಖೆಗೆ ಫಾರಂ ಮೂಲಕ ತಿಳಿಸಿ ಹಣ ಕಟ್ಟಬೇಕು. ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿ, ಅಲ್ಲಿಂದಲೇ ಇಲ್ಲಿನ ಮನೆ ಮಾರುವವರು ಇನ್ನೊಂದು ತಿಳಿದಿರಬೇಕು. ಬ್ರಿಟನ್ನಿನ ನಿವಾಸಿಯಲ್ಲದವರು ಒಂದು ಪೌಂಡ್ ತೆರಿಗೆ ಬಾಕಿ ಇಲ್ಲದಿದ್ದರೂ 60 ದಿನದೊಳಗೆ ಆ ಫಾರಂ ಸಲ್ಲಿಸಬೇಕು. ತಡವಾದರೆ ದಂಡ ಬೀಳುತ್ತದೆ. ಈ ಫಾರಂ ಸಾಮಾನ್ಯವಾಗಿ ಸಾಲಿಸಿಟರಿನ ಕೆಲಸದಲ್ಲಿ ಸೇರಿರುವುದಿಲ್ಲ. ನೀವೇ ತುಂಬಬೇಕು, ಇಲ್ಲವೇ ಅಕೌಂಟೆಂಟ್ ಕೈಯಲ್ಲಿ ತುಂಬಿಸಬೇಕು.